ಭೂಮಿಯ ಫಲಕಗಳು ಯಾವಾಗ ಚಲಿಸಲು ಶುರು ಮಾಡಿದವು ಅಂತ ಹುಡುಕುತ್ತಾ ಜೀವನ ಮಾಡಬಹುದಾ? ಸಲಹೆ ಬೇಕು

ತೋಟದಮನೆ_ಶಿರಸಿ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮಗಳು ಧಾರವಾಡದಲ್ಲಿ ಭೂವಿಜ್ಞಾನದ ಎಂಎಸ್ಸಿ ಮುಗಿಸುತ್ತಿದ್ದಾಳೆ. ಓದಿನಲ್ಲಿ ಚುರುಕು. ಕೇಂದ್ರದ ಭೂವಿಜ್ಞಾನ ಸರ್ವೆ ಇಲಾಖೆಯ (ಜಿಎಸ್‌ಐ) ಪರೀಕ್ಷೆ ಬರೆಯುತ್ತಾಳೆ, ಇಲ್ಲಾ ಯಾವುದಾದರೂ ಗಣಿ ಕಂಪನಿ ಸೇರುತ್ತಾಳೆ ಅಂತ ಮನೆಯವರ ಲೆಕ್ಕ ಇತ್ತು. ಈಗ ಪಿಎಚ್‌ಡಿ ಮಾಡುತ್ತೇನೆ ಅನ್ನುತ್ತಿದ್ದಾಳೆ. ವಿಷಯ ಕೇಳಿ: ಭೂಮಿಯ ಫಲಕಗಳು, ಅಂದರೆ ಖಂಡ, ಸಾಗರ ಹೊತ್ತ ಹೊರಪದರದ ತುಂಡುಗಳು, ಮೊಟ್ಟಮೊದಲು ಯಾವಾಗ ಚಲಿಸಲು ಶುರು ಮಾಡಿದವು ಅಂತ ಪತ್ತೆ ಮಾಡುವುದು. ಮುನ್ನೂರು ಕೋಟಿ ವರ್ಷದ ಹಿಂದಿನ ಸುದ್ದಿ!

ಭಾವ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. "ಕಲ್ಲು ಕುಟ್ಟುತ್ತಾ ಮೂವತ್ತು ವರ್ಷ ದಾಟಿಸುತ್ತಾಳೆ" ಅಂತ ಅವರ ಗೋಳು. ಕೂಸು ಮಾತ್ರ ಹಟ ಬಿಡುತ್ತಿಲ್ಲ. ಅದಕ್ಕೆ ಬೇಕಾದ ಕಲ್ಲು ಕಾರವಾರದಲ್ಲೇ ಇದೆ, ಹೊರಗಿನವರು ಬಂದು ಒಡೆದುಕೊಂಡು ಹೋಗುತ್ತಾರೆ, ನಾವು ಮಾಡಬಾರದಾ ಅಂತ ಕೇಳುತ್ತಾಳೆ. ನನಗೆ ಅಡಿಕೆ, ಕಾಳುಮೆಣಸು ಬಿಟ್ಟು ಬೇರೆ ಗೊತ್ತಿಲ್ಲ. ಇಂಥ ಕೆಲಸದಲ್ಲೇ ಜೀವನ ಕಳೆದವರು ಇದ್ದಾರಾ? ಊಟಕ್ಕೆ ದಾರಿ ಇದೆಯಾ? ತಿಳಿದವರು ಹೇಳಿ.

ಲೆಕ್ಕದಮಾಣಿ
ಮುನ್ನೂರು ಕೋಟಿ ವರ್ಷದ ಹಿಂದೆ ಏನಾಯಿತು ಅಂತ ಗೊತ್ತಾದರೆ ಚಾಲಿ ಅಡಿಕೆ ರೇಟು ಏರುತ್ತದಾ? ನಿಮ್ಮ ಭಾವ ಹೇಳಿದ್ದು ಸರಿ. ಮೊದಲು ನೌಕರಿ, ಆಮೇಲೆ ಶೋಕಿ.

ಹೊನ್ನಾವರ_ಹರಟೆ
ಮಾಣಿ, ನೀನು ದಿನವಿಡೀ ಜಿಎಸ್‌ಟಿ ತುಂಬುತ್ತೀಯಲ್ಲ, ಅದರಿಂದ ಯಾರ ಅಡಿಕೆ ರೇಟು ಏರಿತು ಹೇಳು ನೋಡುವಾ.

ಧಾರವಾಡ_ಹಾಸ್ಟೆಲ್
ನಾನೂ ಅದೇ ಓದು ಓದಿದವನು, ಸೀನಿಯರ್ ಅನ್ನಿ. ಹಣದ ಮಾತು ಮೊದಲು ಮುಗಿಸೋಣ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರ ವೇತನ) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಭತ್ಯೆ ಬೇರೆ. ಐಷಾರಾಮ ಇಲ್ಲ, ಆದರೆ ಮನೆಯವರ ಮುಂದೆ ಕೈಚಾಚಬೇಕಾಗಿಲ್ಲ. ಗೇಟ್ ಪರೀಕ್ಷೆ ಬರೆದರೆ ಐಐಟಿ, ಬೆಂಗಳೂರಿನ ಐಐಎಸ್ಸಿ ಬಾಗಿಲೂ ತೆರೆದಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಇದೆ, 1961ರಿಂದ ಇದೇ ಕೆಲಸ ಮಾಡುತ್ತಿದೆ.

ಸರ್ವೆ ಇಲಾಖೆ ಅಂದಿರಲ್ಲ, ಅದಕ್ಕೆ ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 32. ಪಿಎಚ್‌ಡಿ ಮಾಡುತ್ತಲೇ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಹಿಡಿದರೆ ಇನ್ನೊಂದು ತಪ್ಪುತ್ತದೆ ಅಂತೇನಿಲ್ಲ.

ತೋಟದಮನೆ_ಶಿರಸಿ
ಇದು ನನಗೆ ಗೊತ್ತೇ ಇರಲಿಲ್ಲ. ಭಾವನಿಗೆ ಈಗಲೇ ವಾಟ್ಸಾಪ್ ಮಾಡಿದೆ.

ಹಳೇಸುತ್ತಿಗೆ
ಕಾರವಾರದಲ್ಲಿ ನಿವೃತ್ತಿ ಜೀವನ ಕಳೆಯುತ್ತಿರುವ ಭೂವಿಜ್ಞಾನಿ ನಾನು. "ಇಂಥ ಕೆಲಸದಲ್ಲೇ ಜೀವನ ಕಳೆದವರು ಇದ್ದಾರಾ" ಅಂತ ಕೇಳಿದಿರಿ. ಒಬ್ಬರ ಕಥೆ ಹೇಳುತ್ತೇನೆ, ಅದು ನಮ್ಮ ಜಿಲ್ಲೆಗೇ ಬಂದು ಮುಟ್ಟುತ್ತದೆ.

ಬ್ರಯಾನ್ ವಿಂಡ್ಲಿ ಅಂತ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 1960ರ ದಶಕದಲ್ಲಿ ಗ್ರೀನ್‌ಲ್ಯಾಂಡ್ ಸರ್ವೆಯಲ್ಲಿ ಕೆಲಸ. ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಜಗತ್ತಿನ ತೀರಾ ಹಳೆಯ ಕಲ್ಲುಗಳಿವೆ. ಹಿಮ ಉಜ್ಜಿ ತೊಳೆದಿಟ್ಟ ಬಂಡೆ, ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಅದೇ ಹೊತ್ತಿಗೆ ಇತ್ತ ಸಮುದ್ರದ ತಳ ಹಿಗ್ಗುತ್ತಿದೆ, ಖಂಡಗಳು ಸರಿಯುತ್ತಿವೆ ಅಂತ ಹೊಸ ವಾದ ಎದ್ದಿತ್ತು. ಅದಕ್ಕೆ ಸಾಕ್ಷಿಯಾಗಿ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಸಾಗರತಳದ ಕಾಂತೀಯ ಪಟ್ಟಿಗಳ ಲೆಕ್ಕ ಕೊಟ್ಟರು. ಟೂಜೊ ವಿಲ್ಸನ್ 1966ರಲ್ಲಿ, ಅಟ್ಲಾಂಟಿಕ್ ಸಾಗರ ಒಮ್ಮೆ ಮುಚ್ಚಿ ಮತ್ತೆ ತೆರೆಯಿತಾ ಅಂತ ಕೇಳಿದರು. ಆದರೆ ಅವೆಲ್ಲ ಇತ್ತೀಚಿನ ಭೂಮಿಯ ಮಾತು. ಸಾಗರತಳ ಎಷ್ಟು ಹಳೆಯದು? ಹೆಚ್ಚಿನದು 20 ಕೋಟಿ ವರ್ಷದ ಒಳಗಿನದು. ಅದಕ್ಕಿಂತ ಹಿಂದಿನದು ಫಲಕದ ಜೊತೆ ಕೆಳಗೆ ಇಳಿದು ಹೋಗಿದೆ. ಭೂಮಿಗೆ 454 ಕೋಟಿ ವರ್ಷ. ಉಳಿದ ಅಷ್ಟೂ ಕಾಲದ ಸಾಕ್ಷಿ ಬೇಕಾದರೆ ಖಂಡಗಳ ಹಳೇ ಕಲ್ಲನ್ನೇ ಕೇಳಬೇಕು.

ವಿಂಡ್ಲಿ ಹಿಡಿದ ದಾರಿ ಅದೇ. ಇವತ್ತು ಆಂಡಿಸ್ ಪರ್ವತದ ಬುಡದಲ್ಲಿ ಸಾಗರದ ಫಲಕ ಖಂಡದ ಅಡಿಗೆ ಜಾರುತ್ತಿದೆಯಲ್ಲ, ಅಂಥದ್ದೇ ಆ ಕಾಲದಲ್ಲೂ ನಡೆದು ಇಂಥ ಕಲ್ಲು ಹುಟ್ಟಿತು ಅನ್ನುವುದು ಅವರ ವಾದ. ಎಪ್ಪತ್ತರ ದಶಕದಲ್ಲಿ ಈ ಮಾತಾಡಿದಾಗ ಒಪ್ಪದವರೇ ಜಾಸ್ತಿ. ಆಮೇಲೆ ಹಿಮಾಲಯ, ಪಾಕಿಸ್ತಾನದ ಕೊಹಿಸ್ತಾನ್, ಮಧ್ಯ ಏಷ್ಯಾ ಅಂತ ತಿರುಗಿದರು. ಸುಮ್ನೆ ತಿರುಗಿದ್ದಲ್ಲ. ಹೊಸ ಪರ್ವತ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡಿದರೆ ತಾನೇ ಹಳೆಯದನ್ನು ಗುರುತಿಸಲು ಬರುವುದು? 2021ರಲ್ಲೂ ಇಬ್ಬರು ಜೊತೆಗಾರರೊಂದಿಗೆ ಪ್ರಬಂಧ ಬರೆದು, ಫಲಕಗಳ ಆಟ ಸುಮಾರು 400 ಕೋಟಿ ವರ್ಷದ ಹಿಂದೆಯೇ ಶುರುವಾಗಿತ್ತು ಅಂತ ವಾದಿಸಿದರು. ಅರ್ಧ ಶತಮಾನ ದಾಟಿದರೂ ಅದೇ ಪ್ರಶ್ನೆ!

ಈಗ ನಮ್ಮೂರಿಗೆ ಬನ್ನಿ. 2013ರಲ್ಲಿ ಐಐಎಸ್ಸಿಯ ಈಶ್ವರ್ ಕುಮಾರ್ ಮತ್ತು ಸಜೀವ್, ಜೊತೆಗೆ ಜಪಾನಿನ ಕೆಲವರು ಮತ್ತು ಇದೇ ವಿಂಡ್ಲಿ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಕುಮಟಾ ಸುತ್ತ ಒಂದು ಹಳೇ ಹೊಲಿಗೆ ಗೆರೆ ಇದೆ, ಅದರ ಪಶ್ಚಿಮಕ್ಕೆ ಕಾರವಾರದ ತುಂಡು, ಪೂರ್ವಕ್ಕೆ ಧಾರವಾಡದ ತುಂಡು ಅನ್ನುವುದು ಅದರ ಸಾರ. ಕಾರವಾರದ ನೈಸ್ ಕಲ್ಲಿಗೆ (ಆಳದಲ್ಲಿ ಬೆಂದು, ಒತ್ತಿ ಪಟ್ಟಿ ಪಟ್ಟಿಯಾದ ಕಲ್ಲು) ಸುಮಾರು 320 ಕೋಟಿ ವರ್ಷ. ಎರಡು ತುಂಡುಗಳ ನಡುವೆ ಇದ್ದ ಸಾಗರ ಮುಚ್ಚಿ ಇವು ಅಂಟಿಕೊಂಡದ್ದು ಸುಮಾರು 130 ಕೋಟಿ ವರ್ಷದ ಹಿಂದೆ. ಈ ಗೆರೆ ಮಡಗಾಸ್ಕರ್‌ನ ಪೂರ್ವ ಭಾಗದಲ್ಲಿ ಮುಂದುವರಿಯುತ್ತದೆ ಅಂತ ಅವರ ವಾದ. ಅಲ್ಲಿನ ಆಂಟೊಂಗಿಲ್ ಅನ್ನುವ ಭಾಗದಲ್ಲೂ ಹೆಚ್ಚುಕಡಿಮೆ ಇದೇ ವಯಸ್ಸಿನ ನೈಸ್ ಇದೆ. ನಿಮ್ಮ ಸೊಸೆ ಹೇಳಿದ "ಕಾರವಾರದ ಕಲ್ಲು" ಇದೇ ಇರಬೇಕು.

ಕೋಡಿಬಾಗ್_ಅಲೆ
ಇಷ್ಟು ವರ್ಷ ಕಾರವಾರ ಕರ್ನಾಟಕದ್ದಾ ಮಹಾರಾಷ್ಟ್ರದ್ದಾ ಗೋವಾದ್ದಾ ಅಂತ ಜಗಳ. ಈಗ ನೋಡಿದರೆ ಮಡಗಾಸ್ಕರ್‌ದು!

ಹೊನ್ನಾವರ_ಹರಟೆ
ಅಲ್ಲಿಯವರೂ ಒಂದು ಸಮಿತಿ ಮಾಡಿ ಬಂದ್ ಕರೆಯಲಿ.

ವೇದಿಕೆ_ನಿರ್ವಾಹಕ
ಗಡಿ ವಿಷಯ ಇಲ್ಲಿಗೇ ನಿಲ್ಲಿಸಿ. ಹೋದ ಸಲ ಏನಾಯಿತು ಅಂತ ನೆನಪಿದೆಯಲ್ಲ.

ಯಾಣ_ಗೈಡ್
ಯಾಣದ ಕಪ್ಪು ಬಂಡೆಯೂ ಇದಕ್ಕೆ ಸೇರಿದ್ದೇ ಅಲ್ವಾ ಸರ್? ಲಾವಾ ಉಕ್ಕಿ ತಣಿದು ಆದದ್ದು ಅಂತ ನಾನು ಪ್ರವಾಸಿಗರಿಗೆ ಹೇಳುತ್ತೇನೆ. ಮಹಾರಾಷ್ಟ್ರದ ಕಲ್ಲಿನ ಥರವೇ ಕಪ್ಪಗಿದೆಯಲ್ಲ. ಭಸ್ಮಾಸುರ ಸುಟ್ಟ ಬೂದಿ ಅನ್ನುವ ಕಥೆಯೂ ಹೇಳುತ್ತೇನೆ, ಅದು ಬೇರೆ.

ಹಳೇಸುತ್ತಿಗೆ
ಭಸ್ಮಾಸುರನ ಕಥೆ ಧಾರಾಳ ಹೇಳಿ. ಲಾವಾ ಕಥೆ ಬಿಡಿ. ಯಾಣದ್ದು ಸುಣ್ಣಕಲ್ಲಿನ ಜಾತಿ. ಮಳೆ ನೀರು ಕೊರೆದು ಆ ಚೂಪು ಶಿಖರ, ಗುಹೆ ಎಲ್ಲ ಆಗಿವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಮೇಲ್ಮೈ ಕಪ್ಪಗಿದೆ ಅಂತ ಎಲ್ಲವೂ ಲಾವಾ ಆಗುವುದಿಲ್ಲ. ಮಹಾರಾಷ್ಟ್ರದ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷದ್ದು, ಅದು ಬೆಳಗಾವಿ ಕಡೆಯವರೆಗೆ ಬಂದು ನಿಂತಿದೆ. ನಮ್ಮ ಕಲ್ಲಿನ ಮುಂದೆ ಅದು ಎಳೇ ಮಗು.

ಯಾಣ_ಗೈಡ್
ಸುಣ್ಣಕಲ್ಲು ಅಂದರೆ ಪ್ರವಾಸಿಗರು ಮೂಗು ಮುರಿಯುತ್ತಾರೆ ಸರ್. ಲಾವಾ ಅಂದರೆ ಫೋಟೋ ಜಾಸ್ತಿ ತೆಗೆಯುತ್ತಾರೆ. 😀

ಅಂಕೋಲಾ_ಅಕ್ಕೋರು
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವೆಗೆನರ್ 1912ರಲ್ಲಿ ಖಂಡಗಳು ಸರಿಯುತ್ತವೆ ಅಂದರು, ಜನ ನಕ್ಕರು, 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರಿಕೊಂಡರು, ಅರವತ್ತರ ದಶಕದಲ್ಲಿ ಎಲ್ಲರೂ ಒಪ್ಪಿದರು. ಪಠ್ಯ ಅಲ್ಲಿಗೆ ಮುಗಿಯುತ್ತದೆ. "ಅದು ಶುರುವಾದದ್ದು ಯಾವಾಗ" ಅಂತ ಒಬ್ಬ ಹುಡುಗನೂ ಕೇಳಿಲ್ಲ, ನಾನೂ ಯೋಚಿಸಿಲ್ಲ. ಫಲಕಗಳು ಚಲಿಸದಿದ್ದ ಕಾಲ ಅಂದರೆ ಭೂಮಿ ಹೇಗಿತ್ತು? ಮಕ್ಕಳಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ?

ಕುಮಟಾ_ಪರ್ತ್
ಅಕ್ಕೋರೆ, ನಾನು ಹೇಳುತ್ತೇನೆ. ಮೂಲ ಕುಮಟಾ, ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ. ಇದೇ ನನ್ನ ಕೆಲಸ.

ಶಿರಸಿ ಕಡೆ ತೊಡೆದೇವು ಮಾಡುವುದನ್ನು ನೋಡಿದ್ದೀರಲ್ಲ. ಬೋರಲು ಹಾಕಿದ ಬಿಸಿ ಮಡಕೆ ಮೇಲೆ ಕಬ್ಬಿನಹಾಲಿನ ಹಿಟ್ಟು ತೊಡೆದರೆ ಒಂದೇ ತೆಳು ಪದರ ಮಡಕೆಯನ್ನು ಮುಚ್ಚಿ ಕೂತುಬಿಡುತ್ತದೆ. ಮೊದಲ ಭೂಮಿಯೂ ಹಾಗೆ, ಸುತ್ತ ಒಂದೇ ಮುಚ್ಚಳ ಅಂತ ಒಂದು ವಾದ. ಒಳಗಿನ ಕಾವು ಆಗ ಈಗಿಗಿಂತ ಬಹಳ ಜಾಸ್ತಿ. ಕಾವು ಹೊರಗೆ ಬರುತ್ತಿದ್ದುದು ಅಲ್ಲಲ್ಲಿ ಲಾವಾ ಉಕ್ಕಿ. ಫಲಕ ಅಂದರೆ ಆ ಪದರ ತುಂಡಾಗಿ, ಒಂದು ತುಂಡು ಇನ್ನೊಂದರ ಅಡಿಗೆ ಜಾರಿ ಆಳಕ್ಕೆ ಇಳಿಯಬೇಕು. ಆ ಜಾರುವಿಕೆ ಯಾವಾಗ ಶುರುವಾಯಿತು ಅನ್ನುವುದೇ ಪ್ರಶ್ನೆ.

ಉತ್ತರಗಳ ಅಂತರ ಕೇಳಿದರೆ ನಗು ಬರುತ್ತದೆ. ಅಮೆರಿಕದ ರಾಬರ್ಟ್ ಸ್ಟರ್ನ್ 2005ರಲ್ಲಿ, ಇಡೀ ವ್ಯವಸ್ಥೆ ಸುಮಾರು 100 ಕೋಟಿ ವರ್ಷದ ಹಿಂದೆ ಮಾತ್ರ ಶುರುವಾಯಿತು ಅಂದರು. ಯಾಕೆಂದರೆ ತಣ್ಣನೆಯ ಫಲಕ ಆಳಕ್ಕೆ ಜಾರಿದಾಗ ಹುಟ್ಟುವ ನೀಲಿಶಿಸ್ಟ್ ಅನ್ನುವ ಕಲ್ಲು ಅದಕ್ಕಿಂತ ಹಿಂದೆ ಸಿಗುವುದೇ ಇಲ್ಲ. ಶೈರಿ ಮತ್ತು ರಿಚರ್ಡ್‌ಸನ್ 2011ರಲ್ಲಿ ವಜ್ರದೊಳಗೆ ಸಿಕ್ಕಿಕೊಂಡ ಪುಟ್ಟ ಖನಿಜಗಳನ್ನು ನೋಡಿ 300 ಕೋಟಿ ಅಂದರು. 2020ರಲ್ಲಿ ಇಲ್ಲೇ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದ 320 ಕೋಟಿ ವರ್ಷದ ಬಸಾಲ್ಟ್‌ನ (ಲಾವಾ ತಣಿದು ಆದ ಕಲ್ಲು) ಕಾಂತತೆ ಅಳೆದು, ಆ ನೆಲ ವರ್ಷಕ್ಕೆ ಕನಿಷ್ಠ 2.5 ಸೆಂಟಿಮೀಟರ್ ಸರಿಯುತ್ತಿತ್ತು ಅಂತ ಇನ್ನೊಂದು ತಂಡ ಹೇಳಿತು. ಇವತ್ತಿನ ಫಲಕಗಳ ವೇಗವೂ ಅದೇ ಸುಮಾರಿನದು. ವಿಂಡ್ಲಿಯವರ 400 ಕೋಟಿ ಮೇಲೆ ಬಂದಿದೆ.

ಲೆಕ್ಕದಮಾಣಿ
ಒಬ್ಬರು 100 ಕೋಟಿ, ಒಬ್ಬರು 400 ಕೋಟಿ. ನನ್ನ ಬ್ಯಾಲೆನ್ಸ್ ಶೀಟಿನಲ್ಲಿ 300 ಕೋಟಿ ವ್ಯತ್ಯಾಸ ಬಂದರೆ ನನ್ನನ್ನು ಜೈಲಿಗೆ ಹಾಕುತ್ತಾರೆ. ಇವರಿಗೆ ಪಿಎಚ್‌ಡಿ ಕೊಡುತ್ತಾರೆ.

ಸಿದ್ದಾಪುರ_ಪೇಟೆ
ತೊಡೆದೇವು ಅಂದರಲ್ಲ, ಈಗ ಪ್ಯಾಕೆಟ್‌ನಲ್ಲಿ ಬರುವುದರಲ್ಲಿ ಕಬ್ಬಿನಹಾಲೇ ಇರುವುದಿಲ್ಲ. ಬೆಲ್ಲದ ನೀರು. ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ.

ತೋಟದಮನೆ_ಶಿರಸಿ
ಆಲೆಮನೆ ಹೊತ್ತಿಗೆ ನಮ್ಮನೆಗೆ ಬನ್ನಿ, ಮಡಕೆ ಮೇಲೆ ಮಾಡಿದ್ದೇ ಕೊಡುತ್ತೇವೆ. ಪರ್ತ್‌ನವರೇ, ಇಷ್ಟು ಚಂದ ಯಾರೂ ಹೇಳಿರಲಿಲ್ಲ. ಆದರೆ ಈ 320 ಕೋಟಿ ಅನ್ನುವುದನ್ನು ಹೇಗೆ ನಂಬುವುದು? ಕಲ್ಲಿನ ಮೇಲೆ ಬರೆದಿರುತ್ತದಾ?

ಕುಮಟಾ_ಪರ್ತ್
ಬರೆದಿರುತ್ತದೆ ಅಂತಲೇ ಅನ್ನಿ. ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಭಾವನವರಿಗೂ ಓದಿಸಿ.

ಕೆಲವು ಕಿಲೋ ಕಲ್ಲು ತಂದು ಮೊದಲು ಪುಡಿ ಮಾಡುತ್ತೇವೆ. "ಕಲ್ಲು ಕುಟ್ಟುವುದು" ಅಂದರಲ್ಲ, ಅಷ್ಟರ ಮಟ್ಟಿಗೆ ನಿಜ, ಈಗ ಯಂತ್ರ ಕುಟ್ಟುತ್ತದೆ. ಆ ಪುಡಿಯನ್ನು ನೀರಿನಲ್ಲಿ ಜಾಲಿಸಿ, ಆಯಸ್ಕಾಂತದ ಯಂತ್ರಕ್ಕೆ ಹಾಕಿ, ಭಾರದ ದ್ರವದಲ್ಲಿ ಮುಳುಗಿಸಿದರೆ ಕೊನೆಗೆ ತಳದಲ್ಲಿ ಒಂದು ಚಿಟಿಕೆ ಉಳಿಯುತ್ತದೆ. ಅದರಲ್ಲಿ ಜಿರ್ಕಾನ್ ಹರಳು. ಒಂದೊಂದು ಹರಳು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ತುದಿಯಲ್ಲಿ ಒಂದೊಂದನ್ನೇ ಆರಿಸಿ ಸಾಲಾಗಿ ಅಂಟಿಸಬೇಕು. ಸೀನಿದರೆ ಮುಗಿಯಿತು. ಆರಿಸಲು ಕೂತವರು ಫ್ಯಾನ್ ಹಾಕುವುದಿಲ್ಲ. ಆಮೇಲೆ ಅಂಟು ಹಾಕಿ ಗಟ್ಟಿ ಮಾಡಿ, ಹರಳಿನ ಹೊಟ್ಟೆ ಕಾಣುವಷ್ಟು ಉಜ್ಜಿ, ಚಿತ್ರ ತೆಗೆಯುತ್ತೇವೆ. ಒಳಗೆ ಪದರ ಪದರ ಕಾಣುತ್ತದೆ. ನಡುವಿನದು ಹುಟ್ಟಿದಾಗಿನದು, ಹೊರಗಿನದು ಮುಂದೆ ಯಾವಾಗಲೋ ಬೆಂದಾಗ ಬೆಳೆದದ್ದು. ಎಲ್ಲಿ ಚುಚ್ಚಬೇಕು ಅನ್ನುವುದರಲ್ಲೇ ಅರ್ಧ ಪಾಂಡಿತ್ಯ ಇದೆ.

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಗ ಅದರಲ್ಲಿರುವ ಸೀಸ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದೇ. ಲೆಕ್ಕದ ಮಾಣಿಯವರೇ, ಇದು ನಿಮಗೆ: ಯುರೇನಿಯಂ-238 ಅರ್ಧ ಆಗಲು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ 70 ಕೋಟಿ. ಎರಡೂ ಬೇರೆ ಬೇರೆ ಜಾತಿಯ ಸೀಸ ಕೊಡುತ್ತವೆ. ಅಂದರೆ ಒಂದೇ ಹರಳಿನಲ್ಲಿ ಎರಡು ಖಾತೆ. ಎರಡೂ ತಾಳೆ ಆದರೆ ವಯಸ್ಸು ಪಕ್ಕಾ. ತಾಳೆ ಆಗದಿದ್ದರೆ ನಡುವೆ ಸೀಸ ಸೋರಿದೆ ಅಂತ ಗೊತ್ತಾಗುತ್ತದೆ. ಕಲ್ಲಿನ ವಯಸ್ಸಿನಲ್ಲಿ ಜಗಳ ಕಡಿಮೆ. ಆ ಕಲ್ಲು ಹುಟ್ಟಿದ್ದು ಫಲಕ ಜಾರಿದಾಗಲೋ ಬೇರೆ ಥರವೋ ಅನ್ನುವುದರಲ್ಲಿ ಜಗಳ.

ಪರ್ತ್‌ನಿಂದ ಉತ್ತರಕ್ಕಿರುವ ಜ್ಯಾಕ್ ಹಿಲ್ಸ್‌ನಲ್ಲಿ 440 ಕೋಟಿ ವರ್ಷದ ಜಿರ್ಕಾನ್ ಹರಳು ಸಿಕ್ಕಿದೆ. ಅದು ಹುಟ್ಟಿದ ಕಲ್ಲು ಈಗ ಇಲ್ಲ. ಹರಳು ಮಾತ್ರ ಉಳಿದಿದೆ.

ಲೆಕ್ಕದಮಾಣಿ
ಎರಡು ಖಾತೆ ತಾಳೆ ಮಾಡುವುದು ಅಂದರೆ ಒಪ್ಪುತ್ತೇನೆ. ಉಪಯೋಗ ಏನು ಅನ್ನುವುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಚಿರೇಕಲ್ಲು
ನಾನೂ ಅದನ್ನೇ ಕೇಳಲು ಬಂದೆ. ನಮ್ಮದು ಹೊನ್ನಾವರದ ಹತ್ತಿರ ಚಿರೇಕಲ್ಲಿನ ವ್ಯವಹಾರ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು, ಗಂಗಾವಳಿಗೆ ಹೋಯಿತು, ಎಷ್ಟು ಜನ ಹೋದರು. ಆ ಗುಡ್ಡ ಬೀಳುತ್ತದೆ ಅಂತ ಯಾಕೆ ಮೊದಲೇ ಹೇಳಲಾಗಲಿಲ್ಲ? 320 ಕೋಟಿ ವರ್ಷದ ಹಿಂದಿನದು ಗೊತ್ತು, ನಾಳೆಯದು ಗೊತ್ತಿಲ್ಲ. ಕೋಪ ಬರುತ್ತದೆ ಮಾರಾಯ್ರೆ.

ಅಂಕೋಲಾ_ಅಕ್ಕೋರು
ಆ ದಿನ ನಾವು ಇಲ್ಲೇ ಇದ್ದೆವು. ಅದರ ಬಗ್ಗೆ ಹಗುರಾಗಿ ಮಾತಾಡುವುದು ಬೇಡ. ಆದರೆ ಪ್ರಶ್ನೆ ಸರಿ ಇದೆ.

ಹಳೇಸುತ್ತಿಗೆ
ಸಿಟ್ಟು ನ್ಯಾಯವೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಿಎಸ್‌ಐ 2014ರಿಂದ ದೇಶದ ಗುಡ್ಡಗಾಡು ಪ್ರದೇಶಗಳಿಗೆ ಭೂಕುಸಿತದ ನಕ್ಷೆ ಮಾಡುತ್ತಾ ಬಂದಿದೆ, 1:50,000 ಅಳತೆಯಲ್ಲಿ. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ಸೀಮೆ ಅಪಾಯದ್ದು ಅಂತ ಅದು ಹೇಳುತ್ತದೆ. ಯಾವ ಗುಡ್ಡ ಯಾವ ದಿನ ಅಂತ ಹೇಳುವುದಿಲ್ಲ. ನಮ್ಮ ಕಡೆ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಕೊಳೆತು ಮೆತ್ತಗಾದ ಜೇಡಿ, ಅದರ ಕೆಳಗೆ ಗಟ್ಟಿ ಶಿಲೆ. ಗುಡ್ಡದ ಬುಡ ನೆಟ್ಟಗೆ ಕಡಿದು, ಮೇಲಿಂದ ವಾರಗಟ್ಟಲೆ ಮಳೆ ಹೊಡೆದರೆ ಆ ಜೇಡಿ ನೀರು ಕುಡಿದು ಜಾರುತ್ತದೆ. ಎಷ್ಟು ಕಡಿಯಬೇಕು, ಎಷ್ಟು ಮೆಟ್ಟಿಲು ಬಿಡಬೇಕು ಅಂತ ಹೇಳುವವರು ಇದ್ದಾರೆ. ಕೇಳುವವರು ಎಷ್ಟು ಜನ ಅಂತ ನಿಮಗೂ ಗೊತ್ತು.

ಅಲ್ಲಿಗೆ ಹೋಗಿ ಗುಡ್ಡ ಓದುವವನಿಗೂ ಹಳೇ ನೈಸ್ ಓದುವವನಿಗೂ ಕಲಿಕೆ ಒಂದೇ. ಶಿಲೆಯ ಪಟ್ಟಿ ಯಾವ ಕಡೆ ವಾಲಿದೆ, ಬಿರುಕು ಎಲ್ಲಿಂದ ಎಲ್ಲಿಗೆ, ನೀರು ಎಲ್ಲಿ ಇಳಿಯುತ್ತದೆ. ಬಾವಿ ತೋಡಲೂ ಅದೇ ವಿದ್ಯೆ. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ ಮಾಣಿ, ಈ ಹುಡುಗಿ ಮಾಡಲು ಹೊರಟದ್ದು ಅದಕ್ಕಾಗಿ ಅಲ್ಲ. ಅವಳಿಗೆ ತಿಳಿಯಬೇಕು ಅಂತ ಆಸೆ. ಅದಕ್ಕೆ ಉಪಯೋಗದ ಮುಖವಾಡ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಚಿರೇಕಲ್ಲು
ಮೆಟ್ಟಿಲು ಬಿಡುವ ಮಾತು ನಮ್ಮ ಕ್ವಾರಿಯವರಿಗೂ ಹೇಳಬೇಕು. ನೆಟ್ಟಗೆ ಕಡಿದು ಹೋಗುತ್ತಾರೆ.

ಧಾರವಾಡ_ಹಾಸ್ಟೆಲ್
ಸುತ್ತಿಗೆ ಸರ್, ಒಂದು ತಕರಾರು. ನೀವು ವಿಂಡ್ಲಿಯವರ ಕಡೆಯ ಕಥೆ ಮಾತ್ರ ಹೇಳಿದಿರಿ. ಧಾರವಾಡ ಕ್ರೇಟಾನ್‌ನ (ಖಂಡದ ತೀರಾ ಹಳೆಯ, ಗಟ್ಟಿ ತುಂಡು) ಪಶ್ಚಿಮ ಭಾಗದ ನಕ್ಷೆ ತೆಗೆದು ನೋಡಿ, ಹೊಳೆನರಸೀಪುರದ ಕಡೆ. ನೈಸ್ ಗುಮ್ಮಟದ ಹಾಗೆ ಮೇಲೆದ್ದಿದೆ, ಅದರ ಸುತ್ತ ಕಪ್ಪು ಲಾವಾ ಶಿಲೆಗಳು ಇಕ್ಕಟ್ಟಾಗಿ ಕೆಳಗೆ ಕುಸಿದಿವೆ. ಇದಕ್ಕೆ ಫಲಕ ಬೇಕಾಗಿಲ್ಲ. ಭಾರದ ಲಾವಾ ಮೇಲೆ ಕೂತಿತು, ಕೆಳಗಿನ ಹಗುರ ಶಿಲೆ ಬಿಸಿಗೆ ಮೆತ್ತಗಾಯಿತು, ಭಾರದ್ದು ಮುಳುಗಿತು, ಹಗುರದ್ದು ಎದ್ದಿತು. ಎಲ್ಲ ಮೇಲೆ ಕೆಳಗಿನ ಚಲನೆ, ಅಡ್ಡ ಚಲನೆಯೇ ಇಲ್ಲ. ಇವತ್ತು ಭೂಮಿಯ ಮೇಲೆ ಎಲ್ಲೂ ಇಂಥ ರಚನೆ ಹುಟ್ಟುತ್ತಿಲ್ಲ. ಅಂದಮೇಲೆ ಆಗಿನ ಭೂಮಿ ಈಗಿನ ಹಾಗಿರಲಿಲ್ಲ ಅಂತ ತಾನೇ ಅರ್ಥ?

ಹಳೇಸುತ್ತಿಗೆ
ಗುಮ್ಮಟ ಇದೆ, ಇಲ್ಲ ಅಂದವರು ಯಾರು? ಆದರೆ ಅಡ್ಡಡ್ಡ ತಳ್ಳಿ ಮಡಚಿದ ಗುರುತುಗಳೂ ಅದೇ ನೆಲದಲ್ಲಿ ಇವೆಯಲ್ಲ. ಎರಡು ಸಲ ಬೇರೆ ಬೇರೆ ದಿಕ್ಕಿನಿಂದ ಮಡಚಿದರೂ ಗುಮ್ಮಟದ ಆಕಾರ ಬರುತ್ತದೆ. ನಕ್ಷೆ ನೋಡಿ ತೀರ್ಪು ಕೊಡಬೇಡಿ, ಕಲ್ಲಿನ ಹತ್ತಿರ ಹೋಗಿ, ಅದರಲ್ಲಿ ಖನಿಜಗಳು ಎಳೆದು ಸಾಲಾದ ಗೆರೆಗಳ ದಿಕ್ಕು ಅಳೆಯಿರಿ.

ಧಾರವಾಡ_ಹಾಸ್ಟೆಲ್
ಅಳೆದೇ ಹೇಳುತ್ತಿದ್ದೇನೆ ಸರ್. ಗುಮ್ಮಟದ ಅಂಚಿನಲ್ಲಿ ಗೆರೆಗಳು ಕಡಿದಾಗಿ ಕೆಳಗೆ ಇಳಿಯುತ್ತವೆ. ಅಡ್ಡ ತಳ್ಳಿದ್ದರೆ ಹಾಗೆ ಬರುವುದಿಲ್ಲ.

ಕುಮಟಾ_ಪರ್ತ್
ಇಬ್ಬರ ನಡುವೆ ತಲೆ ಹಾಕುತ್ತೇನೆ. ಪಿಲ್ಬಾರಾದ ಮೇಲೂ ಇದೇ ಜಗಳ ದಶಕಗಳಿಂದ ನಡೆದಿದೆ. ಈಗ ಹೆಚ್ಚಿನವರು "ಒಂದೇ ದಿನ ಸ್ವಿಚ್ ಹಾಕಿದ ಹಾಗೆ ಶುರುವಾಗಿಲ್ಲ" ಅನ್ನುತ್ತಾರೆ. ಕೆಲವು ಕಡೆ ಮೊದಲು, ಕೆಲವು ಕಡೆ ನಂತರ. ಶುರುವಾಗಿ ನಿಂತು ಮತ್ತೆ ಶುರುವಾಗಿರಲೂಬಹುದು. ಅದಕ್ಕೇ ಒಂದೊಂದು ನೆಲದ ಕಥೆ ಬೇರೆ ಬೇರೆಯಾಗಿ ಬೇಕು. ಕಾರವಾರದ್ದು ಇನ್ನೂ ಹೆಚ್ಚು ಜನ ಮುಟ್ಟದ ನೆಲ. ನಿಮ್ಮ ಸೊಸೆಗೆ ಅನುಕೂಲ ಆಗುವುದು ಅದೇ.

ಹಳೇಸುತ್ತಿಗೆ
ಪರ್ತ್‌ನವರು ಜಾಣತನದಿಂದ ಇಬ್ಬರನ್ನೂ ಸಮಾಧಾನ ಮಾಡಿದರು. ನನಗೆ ಸಮಾಧಾನ ಆಗಿಲ್ಲ. 😀

ಹಾಸ್ಟೆಲಿನವರೇ, ಅಳೆದದ್ದು ಒಳ್ಳೆಯದೇ. ನೆಲದ ಮೇಲೆ ನೋಡುವುದು ಅಂದಕೂಡಲೆ ಒಂದು ಹಳೇ ಸಂಗತಿ ನೆನಪಾಯಿತು. ಗ್ರೀನ್‌ಲ್ಯಾಂಡಿನಲ್ಲಿ ವಿಕ್ ಮೆಕ್‌ಗ್ರೆಗರ್ ಅಂತ ನ್ಯೂಜಿಲೆಂಡಿನವನು ಸರ್ವೆ ಮಾಡುತ್ತಿದ್ದ. ಅಲ್ಲಿ ನೈಸ್ ಎಲ್ಲ ಒಂದೇ ಥರ ಬೂದು ಬಣ್ಣ. ಆದರೆ ಕೆಲವು ಕಡೆ ನೈಸನ್ನು ಕಪ್ಪು ಡೈಕುಗಳು (ಬಿರುಕಿಗೆ ನುಗ್ಗಿ ಗಟ್ಟಿಯಾದ ಕರಗಿದ ಶಿಲೆ) ಅಡ್ಡ ಸೀಳಿದ್ದವು, ಕೆಲವು ಕಡೆ ಇಲ್ಲ. ಸೀಳಿಸಿಕೊಂಡದ್ದು ಹಳೆಯದು, ಉಳಿದದ್ದು ಆಮೇಲಿನದು ಅಂತ ಬರಿಗಣ್ಣಿನಲ್ಲೇ ಎರಡು ಪಾಲು ಮಾಡಿದ. ನಂತರ ಆಕ್ಸ್‌ಫರ್ಡಿನ ಸ್ಟೀಫನ್ ಮೂರ್‌ಬಾತ್ ಅದೇ ಕಲ್ಲಿನ ವಯಸ್ಸು ಅಳೆದರು. ಎಪ್ಪತ್ತರ ದಶಕದ ಶುರು ಅದು. ಸುಮಾರು 370 ಕೋಟಿ ಬಂತು. ಆಗ ಅಷ್ಟು ಹಳೆಯ ಕಲ್ಲು ಭೂಮಿ ಮೇಲೆ ಗೊತ್ತೇ ಇರಲಿಲ್ಲ.

ನಮ್ಮಲ್ಲೂ ಇಂಥ ಪರಂಪರೆ ಇದೆ. ಬಿ.ಪಿ. ರಾಧಾಕೃಷ್ಣ ಅವರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. 1958ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಯಾಲಾಜಿಕಲ್ ಸೊಸೈಟಿಯನ್ನೂ ಅದರ ಪತ್ರಿಕೆಯನ್ನೂ ದಶಕಗಟ್ಟಲೆ ಹೊತ್ತು ನಡೆಸಿದರು. ಸರ್ಕಾರಿ ಕೆಲಸ ಮಾಡುತ್ತಲೇ ಹಳೇ ಶಿಲೆಗಳ ಮೇಲೆ ಜಗತ್ತು ಓದುವಂಥದ್ದು ಬರೆದರು. ಭಾವನವರಿಗೆ ಈ ಉದಾಹರಣೆ ಕೊಡಿ.

ತೋಟದಮನೆ_ಶಿರಸಿ
ಕೊಟ್ಟೆ. "ಅವರು ಗಂಡಸು, ಗುಡ್ಡ ಕಾಡು ಅಲೆಯಬಹುದು" ಅಂತ ಉತ್ತರ ಬಂತು.

ಅಂಕೋಲಾ_ಅಕ್ಕೋರು
ಅಯ್ಯೋ ರಾಮ. ನಿಮ್ಮ ಭಾವನಿಗೆ ಮೇರಿ ಥಾರ್ಪ್ ಹೆಸರು ಹೇಳಿ. ಅಮೆರಿಕದಲ್ಲಿ ಸಾಗರತಳದ ನಕ್ಷೆ ಬರೆದವಳು. ಹೆಂಗಸು ಅಂತ ಅವಳನ್ನು ಎಷ್ಟೋ ವರ್ಷ ಸಂಶೋಧನಾ ಹಡಗು ಹತ್ತಲು ಬಿಡಲಿಲ್ಲ. ಗಂಡಸರು ತಂದ ಆಳದ ಅಳತೆಗಳನ್ನು ದಡದಲ್ಲೇ ಕೂತು ನಕ್ಷೆ ಮಾಡಿದಳು. ಅಟ್ಲಾಂಟಿಕ್ ನಡುವಿನ ಬೆಟ್ಟಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಸೀಳು ಕಣಿವೆ ಇದೆ ಅಂತ ಐವತ್ತರ ದಶಕದಲ್ಲಿ ತೋರಿಸಿದಳು. ಜೊತೆಗಿದ್ದ ಬ್ರೂಸ್ ಹೀಜನ್ ಮೊದಲು ಅದನ್ನು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದ. ಆ ಸೀಳಿನಲ್ಲೇ ಸಾಗರ ಹಿಗ್ಗುತ್ತಿದೆ ಅಂತ ಆಮೇಲೆ ಇಡೀ ಜಗತ್ತು ಒಪ್ಪಿತು.

ಸಿದ್ದಾಪುರ_ಪೇಟೆ
ಸೊಪ್ಪಿನ ಬೆಟ್ಟಕ್ಕೆ ದಿನಾ ಹೋಗಿ ಹೊರೆ ತರುವವರು ಯಾರು ಅಂತ ಭಾವನನ್ನು ಕೇಳಿ. ಹೆಂಗಸರೇ ಅಲ್ವಾ?

ಕುಮಟಾ_ಪರ್ತ್
ನನ್ನ ಗುಂಪಿನಲ್ಲಿ ಹೊರಕೆಲಸಕ್ಕೆ ಹೋಗುವವರಲ್ಲಿ ಹುಡುಗಿಯರೇ ಜಾಸ್ತಿ. ಕಷ್ಟ ಗುಡ್ಡದಲ್ಲಿ ಇಲ್ಲ. ಶೌಚಾಲಯ, ಉಳಿಯುವ ಜಾಗ, ಜೊತೆಗೆ ಯಾರು ಇದನ್ನೆಲ್ಲ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಮಾರ್ಗದರ್ಶಕರು ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರಾ ಅಂತ ಸೇರುವ ಮೊದಲೇ ಹಳೇ ವಿದ್ಯಾರ್ಥಿನಿಯರನ್ನು ಕೇಳಲಿ. ಪ್ರಬಂಧ ಎಷ್ಟು ಅಂತ ಎಣಿಸುವುದು ಆಮೇಲೆ.

ಇನ್ನೊಂದು ಕಹಿ ಮಾತು, ಯಾರೂ ಹೇಳಿಲ್ಲ. ಪಿಎಚ್‌ಡಿ ಹೊತ್ತಿಗೆ ಹಣ ಬರುತ್ತದೆ. ಗಂಟಲಿಗೆ ಬರುವುದು ಅದರ ನಂತರ. ಪೋಸ್ಟ್‌ಡಾಕ್ ಅಂದರೆ ಎರಡು ಮೂರು ವರ್ಷದ ಕರಾರು, ಮುಗಿದ ಮೇಲೆ ಇನ್ನೊಂದು ದೇಶ. ಖಾಯಂ ಹುದ್ದೆ ಕಡಿಮೆ, ಅರ್ಜಿ ಜಾಸ್ತಿ. ಹಳೇ ಭೂಮಿಯ ವಿಷಯಕ್ಕೆ ಅಂತಲೇ ಹುದ್ದೆ ಕರೆಯುವುದು ಇನ್ನೂ ಅಪರೂಪ. ನನ್ನ ಕರಾರು ಮುಂದಿನ ವರ್ಷ ಮುಗಿಯುತ್ತದೆ, ಆಮೇಲೆ ಎಲ್ಲಿ ಅಂತ ನನಗೇ ಗೊತ್ತಿಲ್ಲ. ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುವುದು ಇದನ್ನೇ. ಆದರೂ ಬಿಡುವ ಮನಸ್ಸು ಬರುತ್ತಿಲ್ಲ. ಹುಡುಗಿ ಜಿರ್ಕಾನ್ ವಯಸ್ಸು ಅಳೆಯುವ ಯಂತ್ರ ಚೆನ್ನಾಗಿ ಕಲಿಯಲಿ. ಅದನ್ನು ನಡೆಸಲು ಬಂದವರಿಗೆ ಖನಿಜ ಹುಡುಕುವ ಕಂಪನಿಗಳಲ್ಲೂ ಕೆಲಸ ಇದೆ. ಅದು ಅವಳ ಕೈಯಲ್ಲಿರುವ ಇನ್ನೊಂದು ಚೀಟಿ.

ಲೆಕ್ಕದಮಾಣಿ
ಇಷ್ಟು ಹೊತ್ತಿಗೆ ಒಬ್ಬರು ಲಾಭ ನಷ್ಟ ಎರಡೂ ಬರೆದರು. ತೋಟದಮನೆಯವರೇ, ಇದನ್ನು ಭಾವನಿಗೆ ಕಳಿಸಿ, ಉಳಿದದ್ದು ಬಿಡಿ.

ತೋಟದಮನೆ_ಶಿರಸಿ
ಪೂರ್ತಿ ಕಳಿಸಿದ್ದೇನೆ. ಭಾವ ಎಲ್ಲ ಓದಿ ಈಗ ಒಂದೇ ಹಿಡಿದಿದ್ದಾರೆ: ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಬಂದರೆ ಪಿಎಚ್‌ಡಿ, ಬರದಿದ್ದರೆ ಸರ್ವೆ ಪರೀಕ್ಷೆಗೆ ಓದಬೇಕು. ಕೂಸು ಒಪ್ಪಿದೆ. ಜೊತೆಗೆ ಭಾವನಿಗೆ ಕಾರವಾರದ ಕಲ್ಲು ನೋಡಬೇಕಂತೆ. ಸುತ್ತಿಗೆ ಸರ್, ಎಲ್ಲಿ ಹೋಗಬೇಕು?

ಹಳೇಸುತ್ತಿಗೆ
ಈಗ ಬರಬೇಡಿ. ಮಳೆಗಾಲದಲ್ಲಿ ಎಲ್ಲ ಪಾಚಿ, ಹುಲ್ಲು. ಡಿಸೆಂಬರ್ ಕಳೆಯಲಿ. ಇಳಿತದ ಹೊತ್ತು ನೋಡಿಕೊಂಡು ಕಡಲ ಅಂಚಿನ ಬಂಡೆಗೆ ಹೋಗೋಣ, ಅಲ್ಲಿ ಅಲೆ ಉಜ್ಜಿ ಕಲ್ಲು ಸ್ವಚ್ಛ ಇರುತ್ತದೆ. ಬಿಳಿ ಪಟ್ಟಿ, ಕಪ್ಪು ಪಟ್ಟಿ ಅಂಕುಡೊಂಕಾಗಿ ಮಡಚಿಕೊಂಡಿರುತ್ತವೆ. ಬಿಳಿಯದು ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್, ಕಪ್ಪಗೆ ಮಿನುಗುವುದು ಅಭ್ರಕ. ಭೂತಗನ್ನಡಿ ನಾನು ತರುತ್ತೇನೆ. ರಬ್ಬರ್ ಚಪ್ಪಲಿ ಹಾಕಿಕೊಂಡು ಬರಬೇಡಿ ಅಂತ ಭಾವನಿಗೆ ಹೇಳಿ, ಜಾರಿ ಬಿದ್ದರೆ ಪಿಎಚ್‌ಡಿ ನಿಂತುಹೋಗುತ್ತದೆ. ನಂಬರ್ ಖಾಸಗಿ ಸಂದೇಶದಲ್ಲಿ ಕೊಡುತ್ತೇನೆ.

ಧಾರವಾಡ_ಹಾಸ್ಟೆಲ್
ನಾನೂ ಬರಬಹುದಾ ಸರ್? ಗೆರೆಗಳ ದಿಕ್ಕು ಅಲ್ಲೇ ಅಳೆದು ತೀರ್ಮಾನ ಮಾಡೋಣ.

ಹಳೇಸುತ್ತಿಗೆ
ಬನ್ನಿ. ಕಾಂಪಾಸ್ ನಿಮ್ಮದೇ ತನ್ನಿ. ನನ್ನದರ ಮೇಲೆ ಆಮೇಲೆ ದೂರು ಹೇಳಬಾರದು.

ಯಾಣ_ಗೈಡ್
ಹಾಗೇ ಯಾಣಕ್ಕೂ ಬನ್ನಿ ಸರ್. ಸುಣ್ಣಕಲ್ಲು ಅಂತ ನೀವೇ ಪ್ರವಾಸಿಗರಿಗೆ ಹೇಳಿ, ನನ್ನ ಮಾತು ನಂಬುವುದಿಲ್ಲ.

ಕೋಡಿಬಾಗ್_ಅಲೆ
ಊಟ ನಮ್ಮ ಕಡೆ. ಮೀನು ತಿನ್ನದವರು ಮೊದಲೇ ಹೇಳಿ.

ಸಿದ್ದಾಪುರ_ಪೇಟೆ
ಶಿರಸಿಯಿಂದ ಬರುವವರಿಗೆ ಮೀನು ಕೇಳುತ್ತೀರಲ್ಲ ಮಾರಾಯ್ರೆ. ಅಪ್ಪೆಹುಳಿ ಮಾಡಿಸಿ ಸಾಕು.